ನೀಲಿ ಚೀಸ್, ಕಬ್ಬಿನ ಹಾಲು

ಆಫೀಸ್ ಕೆಲಸಕ್ಕೆ ಫ್ರಾನ್ಸಿಗೆ ಹೋದವನು ರೋಕ್‌ಫೋರ್ ಚೀಸ್ ತಂದಿದ್ದೆ. ಕುರಿ ಹಾಲಿನದು; ತಂಪು ಗವಿಯಲ್ಲಿಟ್ಟು ನೀಲಿ ಬೂಸ್ಟು ಹಿಡಿಸುತ್ತಾರೆ, ಕನಿಷ್ಠ 90 ದಿನ ಮಾಗಬೇಕು. ಹುಮನಾಬಾದಿನ ಮನೆಯಲ್ಲಿ ಆಯಿ ಮೂಸಿ ನೋಡಿ, 'ಬೂಸ್ಟ ಬಂದದಲ್ಲೋ ತಮ್ಮಾ, ಚೆಲ್ಲು' ಅಂದಳು. ಅಷ್ಟು ದೂರದಿಂದ ಅವಳಿಗಂತಲೇ ಹೊತ್ತು ತಂದಿದ್ದೆ. ಮನಸ್ಸು ಚುರ್ ಅಂತು.

ಮರುದಿನ ಬಸವಕಲ್ಯಾಣಕ್ಕೆ ಹೋದೆವು. ಅಕ್ಕನಾಗಮ್ಮನ ಗವಿಯ ತಂಪಿನಲ್ಲಿ ನಿಂತು, 'ಆಯಿ, ಇಂಥ ಗವಿಯಾಗೇ ಇಡ್ತಾರ' ಅಂದೆ. ಸುಮ್ಮನೆ ಕೇಳಿಸಿಕೊಂಡಳು.

ಹೊರಗೆ ಬಂದು ಕಬ್ಬಿನ ಹಾಲು ಕುಡಿಯಲು ಕೂತೆವು. ಫ್ರೆಂಚರು ಈ ಚೀಸಿನ ಜೊತೆ ಸೋಟರ್ನ್ ಎಂಬ ಸಿಹಿ ವೈನ್ ಕುಡಿಯುತ್ತಾರೆ. ಖಾರವಾದ ಉಪ್ಪುರುಚಿಗೆ ಸಿಹಿ ಹೊಂದುತ್ತದೆ. ನಮ್ಮ ಕಬ್ಬೇನು ಕಮ್ಮಿ? ಬುತ್ತಿಯ ಜೋಳದ ರೊಟ್ಟಿಗೆ ಚೀಸ್ ಚೂರು ಸವರಿ ಕೊಟ್ಟೆ. ಆಯಿ ಮುಖ ಕಿವುಚಿ ನುಂಗಿದಳು, ಒಂದು ಗುಟುಕು ಕುಡಿದಳು. ಆಮೇಲೆ ಮೆಲ್ಲಗೆ ಕೈ ಚಾಚಿದಳು: 'ಇನ್ನೊಂದ್ ತುಣುಕು ಕೊಡು.'