ಐದು ಮೀಟರ್ ದೂರದ ಬಸ್ಸು

ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಈ ವರ್ಷ ಎಸ್ಸೆಸ್ಸೆಲ್ಸಿಯಲ್ಲಿರೋ ಅವಳ ಮಗಳು ವಿಜ್ಞಾನ ಪುಸ್ತಕ ತಂದು ಮುಂದಿಟ್ಟಳು. ‘ಮಾಮ, ಈ ಲೆಕ್ಕದ ಉತ್ತರ ಸರಿಯಾಗಿ ಬರ್ತಾನೇ ಇಲ್ಲ.’

ವಾಹನದ ಪೀನ ದರ್ಪಣ, ವಕ್ರತಾ ತ್ರಿಜ್ಯ 3 ಮೀಟರ್. ಬಸ್ಸು 5 ಮೀಟರ್ ದೂರದಲ್ಲಿದೆ. ಪ್ರತಿಬಿಂಬ ಎಲ್ಲಿ? ಸಂಗಮ ದೂರ ತ್ರಿಜ್ಯದ ಅರ್ಧ, ಅಂದ್ರೆ 1.5. ಅವಳ ಉತ್ತರ 2.14 ಮೀಟರ್. ಬಸ್ಸು ಕನ್ನಡಿಯ ಮುಂದಿದೆ, ಹಾಗಾಗಿ ವಸ್ತು ದೂರ ಮೈನಸ್ 5. ಸಂಗಮ ಬಿಂದು ಕನ್ನಡಿಯ ಹಿಂದಿದೆ, ಅದು ಪ್ಲಸ್. 1/1.5ಕ್ಕೆ 1/5 ಕೂಡಿಸಬೇಕಿತ್ತು, ಅವಳು ಕಳೆದಿದ್ದಳು. ಸರಿ ಮಾಡಿದ್ರೆ 1.15 ಮೀಟರ್. ಒಂದು ಮೈನಸ್‌ಗಾಗಿ ರಾತ್ರಿಯಿಡೀ ಕೋಡ್ ಜಾಲಾಡಿದವನು ನಾನು, ಬೈಯೋ ಯೋಗ್ಯತೆ ನನಗಿಲ್ಲ.

‘ಬಸ್ಸಿನ ಬಿಂಬ ಇಷ್ಟು ಹತ್ತಿರ ಬಂತಲ್ಲ. ಮತ್ತೆ ನಿನ್ನ ಕಾರಿನ ಕನ್ನಡಿ ಮೇಲೆ, ಕಾಣೋದಕ್ಕಿಂತ ವಸ್ತು ಹತ್ತಿರ ಇದೆ ಅಂತ ಯಾಕೆ ಬರೆದಿದ್ದಾರೆ?’

ಇಂಜಿನಿಯರಿಂಗ್ ಮುಗಿಸಿದ ಮಾಮನಿಗೆ ಥಟ್ಟನೆ ಹೊಳೀಲಿಲ್ಲ. ಪೆನ್ನು ತಗೊಂಡೆ. 1.15ನ್ನು 5ರಿಂದ ಭಾಗಿಸಿದ್ರೆ 0.23. ಮೂರು ಮೀಟರ್ ಎತ್ತರದ ಬಸ್ಸಿನ ಬಿಂಬ 70 ಸೆಂಟಿಮೀಟರೂ ಇಲ್ಲ. ಬಸ್ಸು ಎಷ್ಟು ದೊಡ್ಡದು ಅಂತ ನಮ್ಮ ಮಿದುಳಿಗೆ ಗೊತ್ತು. ಚಿಕ್ಕದಾಗಿ ಕಂಡ್ರೆ ದೂರ ಇದೆ ಅಂದ್ಕೊಳ್ಳುತ್ತೆ. ಕಣ್ಣು ಕನ್ನಡಿಯಿಂದ 60 ಸೆಂಟಿಮೀಟರ್ ದೂರ ಅಂತಿಟ್ಕೊಂಡ್ರೆ, ಸಪಾಟು ಕನ್ನಡಿಯಲ್ಲಿ 5.6 ಮೀಟರ್ ಅನ್ನಿಸಬೇಕಾದ ಬಸ್ಸು ಇದರಲ್ಲಿ 7.6 ಅನ್ನಿಸುತ್ತೆ. ಎರಡು ಮೀಟರ್ ಮೋಸ.

ಆ ಎರಡು ಮೀಟರ್ ನೋಡಿ ನಾನು ಸುಮ್ಮನಾದೆ.

ಹೋದ ತಿಂಗಳು ರಿಂಗ್ ರೋಡಿನಲ್ಲಿ ಬಲಕ್ಕೆ ಹೋಗ್ಬೇಕಿತ್ತು. ಕನ್ನಡಿ ನೋಡಿದೆ, ಸ್ಕೂಟರೊಂದು ಸಾಕಷ್ಟು ಹಿಂದಿತ್ತು. ತಿರುಗಿಸಿದೆ. ಬ್ರೇಕ್ ಹಾಕಿದ ಡೆಲಿವರಿ ಹುಡುಗ ಜಾರಿ ಬಿದ್ದ. ಮೊಣಕೈ ತರಚಿತ್ತು, ಇಂಡಿಕೇಟರ್ ಒಡೆದಿತ್ತು. ‘ನೋಡ್ಕೊಂಡು ಬರೋದಲ್ವೇನ್ರೀ’ ಅಂತ ನಾನೇ ರೇಗಿದೆ, ಆಮೇಲೆ 500 ರೂಪಾಯಿ ಯುಪಿಐ ಮಾಡಿದೆ. ಅವನು ಥ್ಯಾಂಕ್ಸ್ ಬೇರೆ ಹೇಳಿದ. ಮನೆಯಲ್ಲಿ ಎಲ್ಲರಿಗೂ, ಹುಡುಗ ಅತೀ ಸ್ಪೀಡಲ್ಲಿ ಬಂದ ಅಂತಲೇ ಹೇಳಿದ್ದೆ.

ಸೊಸೆಗೂ ಆ ಕಥೆ ಗೊತ್ತು. ಹಾಳೆಯನ್ನೇ ನೋಡ್ತಾ ಕೇಳಿದಳು: ‘ಮಾಮ, ಹಾಗಾದ್ರೆ ಅವನು ಅಷ್ಟೇನೂ ಸ್ಪೀಡಲ್ಲಿ ಇರ್ಲಿಲ್ವೇನೋ ಅಲ್ವಾ?’

‘ಇರ್ಲಿಲ್ಲ ಅನ್ಸುತ್ತೆ ಪುಟ್ಟಿ’ ಅಂದೆ. ರಾತ್ರಿ ಯುಪಿಐ ಪಟ್ಟಿಯಲ್ಲಿ ಅವನ ಹೆಸರು ಹುಡುಕಿ ನಂಬರ್ ತೆಗೆದೆ. ಫೋನ್ ಎತ್ತಿದವನಿಗೆ ನಾನ್ಯಾರು ಅಂತ ನೆನಪಾಗೋಕೆ ಸ್ವಲ್ಪ ಹೊತ್ತು ಹಿಡೀತು.