ಲಕ್ಕವ್ವನ ವಾರ

ಬೆಳಗಾವಿ ಜಿಲ್ಲೆಯ ನಂದಗಡದ ಸೀಮೆಯಲ್ಲಿ ಲಕ್ಷ್ಮೀ ಜಾತ್ರೆ, ಅಂದರೆ ಲಕ್ಕವ್ವನ ಜಾತ್ರೆ, ವರ್ಷ ವರ್ಷ ಬರುವುದಿಲ್ಲ. ಊರೂರಿಗೆ ಲೆಕ್ಕ ಬೇರೆ. ಒಂದು ಊರಲ್ಲಿ ಐದು ವರ್ಷಕ್ಕೆ, ಇನ್ನೊಂದರಲ್ಲಿ ಹನ್ನೆರಡಕ್ಕೆ, ಮತ್ತೊಂದರಲ್ಲಿ ತಲೆಮಾರಿಗೆ ಒಂದು ಸಲ. ನಂದಗಡದ ಮಹಾಲಕ್ಷ್ಮಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾದು 2025ರ ಫೆಬ್ರವರಿಯಲ್ಲಿ ತೇರು ಹತ್ತಿದಳು. ಹಿಂದಿನ ಜಾತ್ರೆಯಲ್ಲಿ ಅವ್ವನ ಕಂಕುಳಲ್ಲಿದ್ದ ಹೆಣ್ಣುಕೂಸು ಈ ಜಾತ್ರೆಗೆ ತನ್ನ ಕೂಸನ್ನೆತ್ತಿಕೊಂಡು ತವರಿಗೆ ಬರುವಷ್ಟು ಕಾಲ ಅದು. ಇಷ್ಟು ಅಂತರ ಇರುವುದಕ್ಕೆ ಖರ್ಚೂ ಒಂದು ಕಾರಣ. ಪ್ರತಿ ಮನೆಗೆ ಸುಣ್ಣಬಣ್ಣ ಆಗಬೇಕು, ಕೊಟ್ಟ ಹೆಣ್ಣುಮಕ್ಕಳು, ಬೀಗರು, ಬೀಗರ ಬೀಗರು ಎಲ್ಲರೂ ಉಣ್ಣಬೇಕು. ಸಾಲ ಮಾಡದೆ ಜಾತ್ರೆ ದಾಟಿಸಿದ ಮನೆಗಳು ಕಡಿಮೆ.

ನನ್ನ ಮನಸ್ಸು ಮಾತ್ರ ತೇರಿಗಿಂತ ಮೊದಲಿನ ದಿನಗಳಲ್ಲಿ ನಿಲ್ಲುತ್ತದೆ. ಜಾತ್ರೆ ಗೊತ್ತಾದ ಮೇಲೆ ಊರಲ್ಲಿ ಡಂಗುರ ಸಾರಿಸಿ ವಾರ ಹಿಡಿಯುತ್ತಾರೆ. ಮಂಗಳವಾರವೋ ಶುಕ್ರವಾರವೋ, ಊರಿನ ವಾಡಿಕೆ ಇದ್ದಂತೆ. ಆ ದಿನ ನೇಗಿಲು ಹೂಡುವಂತಿಲ್ಲ, ಕುಂಟೆ ಹೊಡೆಯುವಂತಿಲ್ಲ. ಬೀಸುವಂತಿಲ್ಲ, ಕುಟ್ಟುವಂತಿಲ್ಲ, ಒಲೆಯ ಮೇಲೆ ಹಂಚಿಟ್ಟು ರೊಟ್ಟಿ ಬಡಿಯುವಂತಿಲ್ಲ. ಚಿಕ್ಕಂದಿನಲ್ಲಿ ನಮಗೆ ಇದರಲ್ಲಿ ಕಂಡದ್ದು ಆವತ್ತು ರೊಟ್ಟಿ ಇಲ್ಲ, ಅನ್ನ ಸಾರು ಎಂಬುದಷ್ಟೇ. ಅಜ್ಜಿ ಮಾತ್ರ ಆ ದಿನ ಬೆಳಗಾದರೂ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಉಳಿದ ದಿನ ಅವಳು ಕೂತದ್ದನ್ನು ನಾವು ಕಂಡದ್ದೇ ಅಪರೂಪ. ಯಾರಾದರೂ ಏನಾದರೂ ಕೆಲಸ ಹೇಳಿದರೆ, 'ಇವತ್ತ ಲಕ್ಕವ್ವನ ವಾರ ಐತಿ, ಮುಟ್ಟಂಗಿಲ್ಲ' ಎನ್ನುವಳು. ಆ ಮಾತಿಗೆ ಮನೆಯ ಯಜಮಾನನೂ ಎದುರಾಡುತ್ತಿರಲಿಲ್ಲ.

ಆ ನಿಷೇಧಗಳನ್ನು ಇನ್ನೊಮ್ಮೆ ಓದಿ ನೋಡಿ. ಬೀಸುವುದು, ಕುಟ್ಟುವುದು, ರೊಟ್ಟಿ ಬಡಿಯುವುದು: ಮೂರೂ ನಸುಕಿನಲ್ಲೆದ್ದು ಹೆಂಗಸರು ಮಾಡುತ್ತಿದ್ದ ಕೆಲಸ. ನೇಗಿಲು, ಕುಂಟೆ: ಎತ್ತಿನ ಹೆಗಲಿನ ಮೇಲಿನ ಭಾರ, ನೆಲದ ಮೈಮೇಲಿನ ಗೀರು. ಹೊಲ, ಎತ್ತು, ಹೆಂಗಸು, ಮೂರಕ್ಕೂ ಒಂದೇ ದಿನ ಬಿಡುವು ಕೊಡಿಸಿದ ದೇವರು ಇವಳು. ಊರಿನ ಗೌಡನಾಗಲಿ ಸರ್ಕಾರವಾಗಲಿ ಕೊಡದ ರಜೆಯನ್ನು ಕಟ್ಟಿಗೆಯ ಒಂದು ಮೂರ್ತಿ ಕೊಟ್ಟಿತು. ದೇವಿಯ ಪೂಜೆ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ವಾರವನ್ನು. ಮಂತ್ರ, ಹೋಮ, ಅಲಂಕಾರ ಎಲ್ಲ ಆಮೇಲೆ.

ಈ ಲಕ್ಷ್ಮಿ ವೈಕುಂಠದ ಲಕ್ಷ್ಮಿಯಲ್ಲ ಎಂಬುದನ್ನು ಹೊರಗಿನವರಿಗೆ ಹೇಳಬೇಕಾಗುತ್ತದೆ. ಇದೇ ನೆಲದಲ್ಲಿ, ಕಿತ್ತೂರಿನ ಹತ್ತಿರ ದೇಗಾವಿಯಲ್ಲಿ, ಗೋವೆಯ ಕದಂಬರ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲ ನಾರಾಯಣ ಗುಡಿ ಇದೆ. ಅಲ್ಲಿಯ ಲಕ್ಷ್ಮಿ ಕಲ್ಲಿನವಳು, ನಾರಾಯಣನ ಜೊತೆಗಾತಿ. ನಂದಗಡದಿಂದ ಅನತಿ ದೂರದ ಹಲಸಿಯ ಭೂವರಾಹನೂ ಅಂಥ ರಾಜಾಶ್ರಯದ ದೇವರೇ. ಜಾತ್ರೆಯ ಲಕ್ಕವ್ವ ಇವರ ಬಳಗದವಳಲ್ಲ. ಅವಳು ಧಾರವಾಡ, ಬೆಳಗಾವಿಯ ಬಯಲಿನ ದ್ಯಾಮವ್ವ, ದುರಗವ್ವರ ಅಕ್ಕತಂಗಿ. ಮೈ ಕಟ್ಟಿಗೆಯದು, ಬಡಿಗೇರರು ಕೆತ್ತಿದ್ದು, ಜಾತ್ರೆಗೆ ಮೊದಲು ಬಣ್ಣ ಬಳಿದು ಮತ್ತೆ ಹೊಸದು ಮಾಡುವಂಥದ್ದು. ಖಾನಾಪುರ ತಾಲೂಕಿನಲ್ಲಿ ಅವಳ ಮುಂದೆ ಹರಕೆ ಹೇಳುವಾಗ ಒಬ್ಬಳು ಕನ್ನಡದಲ್ಲಿ ಹೇಳುತ್ತಾಳೆ, ಪಕ್ಕದವಳು ಮರಾಠಿಯಲ್ಲಿ. ಗಡಿಯ ಹೆಸರಲ್ಲಿ ಎಷ್ಟೋ ಜಗಳ ಕಂಡ ಈ ಸೀಮೆಯಲ್ಲಿ, ಉಡಿ ತುಂಬುವ ಸಾಲಿನಲ್ಲಿ ನಿಂತ ಹೆಂಗಸರು ಆ ಜಗಳ ತೆಗೆದದ್ದನ್ನು ನಾನು ಕೇಳಿಲ್ಲ. ಅಕ್ಕಿ, ತೆಂಗಿನಕಾಯಿ, ಕುಬಸದ ಖಣ, ಅರಿಷಿಣ ಬೇರು, ಉತ್ತತ್ತಿ, ಬಳೆ. ಉಡಿಯಲ್ಲಿ ಇರುವುದು ಎರಡೂ ಭಾಷೆಯಲ್ಲಿ ಇಷ್ಟೇ.

ಜಾತ್ರೆಯ ಮೊದಲ ದಿನ ಅವಳ ಲಗ್ನ. ಸೂರ್ಯ ಹುಟ್ಟುವ ಹೊತ್ತಿಗೆ ಊರಿಗೆ ಊರೇ ಅಕ್ಕಿಕಾಳು ಹಾಕುತ್ತದೆ. ಮುಂದೆ ಹೊನ್ನಾಟ: ಹೆಗಲ ಮೇಲೆ ಹೊತ್ತು ಓಣಿ ಓಣಿ ಆಡಿಸುವುದು, ಭಂಡಾರ ಹಾರಿ ಹಾರಿ ಮಾಳಿಗೆಗಳೂ ಮನುಷ್ಯರೂ ಒಂದೇ ಹಳದಿಯಾಗುವುದು. ಆಮೇಲೆ ತೇರು, ಗದ್ದಿಗೆ, ದಿನಗಟ್ಟಲೆ ಉಡಿ. ಕೊನೆಯ ದಿನ ಅವಳನ್ನು ಊರ ಸೀಮೆಗೆ ಒಯ್ಯುತ್ತಾರೆ. ಅಲ್ಲಿ ಹುಲ್ಲಿನ ಗುಡಿಸಲು ಹಾಕಿ ಸುಡುವ ಪದ್ಧತಿ ಈ ಕಡೆಯ ಹಲವು ಊರುಗಳಲ್ಲಿದೆ. ಶಿರಸಿಯ ಮಾರಿಕಾಂಬೆಯ ಜಾತ್ರೆಯೂ ಹೀಗೆ ಬೆಂಕಿಯಲ್ಲಿ ಮುಗಿಯುತ್ತದೆ. ಲಗ್ನವಾದ ದೇವಿ ಜಾತ್ರೆ ಮುಗಿಯುವಾಗ ಮುಂಡೆಯಾಗಿರುತ್ತಾಳೆ. ಮುಖ ಮುಚ್ಚಿ ಒಯ್ಯುವಾಗ ಹೆಂಗಸರು ಅಳುವುದು ನಾಟಕಕ್ಕೆ ಅಳುವುದಲ್ಲ. ಸವದತ್ತಿಯ ಎಲ್ಲಮ್ಮನಿಗೂ ಹೀಗೆಯೇ: ರಂಡಿ ಹುಣ್ಣಿಮೆಗೆ ಬಳೆ ಒಡೆದು, ಮುತ್ತೈದೆ ಹುಣ್ಣಿಮೆಗೆ ಮತ್ತೆ ಬಳೆ ತೊಡುತ್ತಾಳೆ. ದೇವಿಯನ್ನು ಸದಾ ಸುಮಂಗಲಿಯಾಗಿ ಇಟ್ಟ ಗುಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ವಿಧವೆಯ ಸಂಕಟವನ್ನು ದೇವರ ಮೈಮೇಲೆ ಹೊರಿಸಿ ಊರೆಲ್ಲ ಅದನ್ನು ನೋಡುವಂತೆ ಮಾಡಿದ್ದು ಈ ಹಳ್ಳಿಯ ಪೂಜೆ. ನನಗೆ ಅದರ ಮೇಲೆ ಗೌರವ ಹುಟ್ಟಿದ್ದು ಅಲ್ಲಿಂದ.

ಆ ಬೆಂಕಿಯ ಹಿಂದಿನ ಕಥೆಯನ್ನು ಮಾತ್ರ ನಾನು ಒಪ್ಪಲಾರೆ. ದ್ಯಾಮವ್ವನ ಕಥೆಯಲ್ಲಿ ಅವಳು ಬ್ರಾಹ್ಮಣರ ಮಗಳು; ಜಾತಿ ಮುಚ್ಚಿಟ್ಟು ಅವಳನ್ನು ಮದುವೆಯಾದವನು ಹೊಲೆಯರವನು. ಗೊತ್ತಾದ ದಿನ ಅವಳ ಸಿಟ್ಟಿಗೆ ಮನೆ ಸುಡುತ್ತದೆ, ಗಂಡ ಕೋಣನಾಗಿ ಕುತ್ತಿಗೆ ಕೊಡುತ್ತಾನೆ. ತಲೆಮಾರುಗಳ ಕಾಲ ಊರು ಈ ಕಥೆಯನ್ನು ದಲಿತರ ಎದುರಿಗೇ ಆಡಿ ತೋರಿಸಿತು, ಅವರ ಕೈಯಿಂದಲೇ ಅದರ ಕೆಲಸ ಮಾಡಿಸಿತು. ದೇವಿಯ ಸಿಟ್ಟು ಎಂದು ಕರೆದದ್ದು ಊರಿನ ಜಾತಿಯ ಸಿಟ್ಟು. ಪ್ರಾಣಿಬಲಿ ನಿಲ್ಲಿಸಲು 1959ರಲ್ಲೇ ಕಾಯ್ದೆ ಬಂತು, ಕೋಣದ ಜೀವ ಬಹಳ ಕಡೆ ಉಳಿಯಿತು. ಕಥೆ ಇನ್ನೂ ಉಳಿದಿದೆ.

ಇಂಗ್ಲೆಂಡಿನಲ್ಲಿರುವ ತಂಗಿಯ ಮಗಳು ಒಮ್ಮೆ ಫೋನಿನಲ್ಲಿ, ಗ್ಲಾಸ್ಟನ್‌ಬರಿ ಎಂಬ ಊರಿಗೆ ಹೋಗಿದ್ದೆ ಎಂದಳು. ಅಲ್ಲಿ ದೇವಿಗೆಂದೇ ಹೊಸದಾಗಿ ಕಟ್ಟಿಕೊಂಡ ಗುಡಿ ಇದೆಯಂತೆ. ಪೂಜಿಸುವವರೂ ನಡೆಸುವವರೂ ಹೆಚ್ಚಾಗಿ ಹೆಂಗಸರು. ಇಂಥವರು ತಮ್ಮನ್ನು ಪೇಗನ್ ಎಂದು ಕರೆದುಕೊಳ್ಳುತ್ತಾರೆ. ಚರ್ಚು ಒಂದು ಕಾಲಕ್ಕೆ ಬೈಗುಳವಾಗಿ ಬಳಸಿದ ಹೆಸರನ್ನು ಹೆಮ್ಮೆಯಿಂದ ಹೊತ್ತವರು. ಆಗಿನಿಂದ ನಾನು ಸಿಕ್ಕಿದ್ದನ್ನು ಓದಿದೆ. ಬ್ರಿಟನ್ನಿನಲ್ಲಿ ಮಾಟಗಾತಿಯರ ವಿರುದ್ಧದ ಹಳೆಯ ಕಾನೂನು ರದ್ದಾದದ್ದು 1951ರಲ್ಲಿ. ಮೂರು ವರ್ಷಕ್ಕೆ, 1954ರಲ್ಲಿ, ಜೆರಾಲ್ಡ್ ಗಾರ್ಡ್ನರ್ ಎಂಬ ನಿವೃತ್ತ ಅಧಿಕಾರಿ ಪುಸ್ತಕ ಬರೆದು, ಹಳೆಯ ದೇವಿಯ ಮತ ಗುಟ್ಟಾಗಿ ಉಳಿದುಬಂದಿದೆ ಎಂದ. ವಿಕ್ಕಾ ಎಂಬ ಪಂಥ ಬೆಳೆದದ್ದು ಹಾಗೆ. ಕನ್ಯೆ, ತಾಯಿ, ಮುದುಕಿ ಎಂಬ ದೇವಿಯ ಮೂರು ರೂಪಗಳನ್ನು ಅವರಲ್ಲಿ ಹೆಚ್ಚು ಪ್ರಚಾರ ಮಾಡಿದ್ದು ಕವಿ ರಾಬರ್ಟ್ ಗ್ರೇವ್ಸ್‌ನ 1948ರ ಪುಸ್ತಕ. ಲಿಥುವೇನಿಯಾದ ಮರಿಯಾ ಗಿಂಬುತಾಸ್ ಹಳೆಯ ಯುರೋಪಿನ ಮಣ್ಣಿನ ಮೂರ್ತಿಗಳನ್ನು ಅಗೆದು, ಅಲ್ಲಿ ಒಂದು ಕಾಲಕ್ಕೆ ಮಾತೃದೇವಿಯ ನಾಗರಿಕತೆ ಇತ್ತು ಎಂದು ವಾದಿಸಿದಳು. ಇದೆಲ್ಲ ಅವಿಚ್ಛಿನ್ನ ಪರಂಪರೆ ಅಲ್ಲ, 20ನೆಯ ಶತಮಾನದಲ್ಲಿ ಕಟ್ಟಿದ್ದು ಎಂದು ರೊನಾಲ್ಡ್ ಹಟ್ಟನ್ ಎಂಬ ಇತಿಹಾಸಕಾರ 1999ರಲ್ಲಿ ಸವಿವರವಾಗಿ ತೋರಿಸಿದ.

ಗಿಂಬುತಾಸ್‌ಳನ್ನು ಓದುವಾಗ ನನಗೆ ನಮ್ಮ ಶಂಬಾ ಜೋಶಿ ನೆನಪಾಗುತ್ತಿದ್ದರು. ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಈ ಶಾಲಾ ಮಾಸ್ತರರು ಕನ್ನಡದ ಬೇರುಗಳನ್ನು ಕುರುಬರ ಹಾಲುಮತದಲ್ಲಿ, ಅವ್ವನ ಪೂಜೆಯಲ್ಲಿ ಹುಡುಕಿದವರು. ಅವರ ವಾದಗಳನ್ನೂ ಪಂಡಿತರು ಪ್ರಶ್ನಿಸಿದ್ದಾರೆ. ಆದರೂ ಹಳ್ಳಿಯ ದೇವಿಯನ್ನು ಪುರಾಣದ ಬಾಲವಾಗಿ ನೋಡದೆ ಮೂಲವಾಗಿ ನೋಡುವ ಧೈರ್ಯ ಕಲಿಸಿದವರು ಅವರು.

ಹೊಸದಾಗಿ ಕಟ್ಟಿದ್ದು ಎಂಬ ಕಾರಣಕ್ಕೆ ಗ್ಲಾಸ್ಟನ್‌ಬರಿಯವರನ್ನು ನಾನು ಕಡಿಮೆ ಎನ್ನಲಾರೆ. ನಂದಗಡದಲ್ಲೇ ನಮ್ಮ ಕಣ್ಣೆದುರಿಗೆ ಒಂದು ಪೂಜೆ ಹುಟ್ಟಿದೆ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದ್ದು ಇಲ್ಲಿ. ಅವನ ಸಮಾಧಿಯ ಮೇಲೆ ಒಂದು ಆಲದ ಮರ. ಮಕ್ಕಳಾಗದ ಹೆಂಗಸರು ಬಂದು ಅದಕ್ಕೆ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣನಂಥ ಮಗ ಹುಟ್ಟಲಿ ಎಂದು. ಯಾವ ಆಗಮ ಹೇಳಿತು ಇದನ್ನು? ನೇಣಿಗೆ ಹೋದ ತರುಣನನ್ನು ಮಕ್ಕಳು ಕೊಡುವ ಮರವನ್ನಾಗಿ ಮಾಡಿದವರು ಹೆಂಗಸರು. ಐರ್ಲೆಂಡ್, ಸ್ಕಾಟ್ಲೆಂಡಿನ ಪವಿತ್ರ ಬಾವಿಗಳ ಪಕ್ಕದ ಮರಗಳಿಗೂ ಹೀಗೆ ಬಟ್ಟೆಯ ಚೂರು ಕಟ್ಟಿ ಬೇನೆ ಹೋಗಲಿ ಎಂದು ಬೇಡಿಕೊಳ್ಳುತ್ತಾರೆ. ಐರ್ಲೆಂಡಿನ ಬ್ರಿಜಿಡ್ ದೇವಿಯೂ ಹೌದು, ಕ್ರೈಸ್ತ ಸಂತಳೂ ಹೌದು. ಅವಳ ಹುಲ್ಲಿನ ಗೊಂಬೆಯನ್ನು ಫೆಬ್ರವರಿ 1ರ ಹಿಂದಿನ ರಾತ್ರಿ ಹುಡುಗಿಯರು ಮನೆಮನೆಗೆ ಒಯ್ಯುತ್ತಿದ್ದರು. 2023ರಿಂದ ಅವಳ ಹಬ್ಬಕ್ಕೆ ಅಲ್ಲಿ ಸರ್ಕಾರಿ ರಜೆಯೂ ಇದೆ. ನಮ್ಮಲ್ಲಿ ಗಣಪತಿ ಹೋದ ಮೇಲೆ ಅಂಬಿಗರ ಹೆಂಗಸರು ಬುಟ್ಟಿಯಲ್ಲಿ ಮಣ್ಣಿನ ಜೋಕುಮಾರನನ್ನು ಹೊತ್ತು ಬಾಗಿಲಿಗೆ ಬರುತ್ತಾರಲ್ಲ, ಮಳೆ ಬೆಳೆ ಕೇಳುತ್ತಾ, ಹಾಡುತ್ತಾ. ಆಷಾಢದ ಮಂಗಳವಾರ ಹುಡುಗಿಯರು ಮಣ್ಣಲ್ಲಿ ಗುಳ್ಳವ್ವನನ್ನು ಮಾಡಿ ಕೂರಿಸುತ್ತಾರೆ, ಅದಕ್ಕೆ ಪೂಜಾರಿ ಬೇಕಿಲ್ಲ. ಇದನ್ನೆಲ್ಲ ಗ್ಲಾಸ್ಟನ್‌ಬರಿಯವರು ನೋಡಿದರೆ, ತಾವು ಪುಸ್ತಕದಿಂದ ಕಲಿತು ಮತ್ತೆ ಕಟ್ಟಲು ಹೊರಟದ್ದು ಇಲ್ಲಿ ಅಂಗಳದಲ್ಲೇ ಕೂತಿದೆ ಎನ್ನುತ್ತಾರೆ.

ಆದರೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ದೇವಿಯನ್ನು ಆರಿಸಿಕೊಳ್ಳುತ್ತಾರೆ, ಬೇಡವಾದರೆ ಬಿಟ್ಟು ನಡೆಯುತ್ತಾರೆ. ಇಲ್ಲಿ ಹುಟ್ಟಿದ ಮನೆ, ಓಣಿ, ಜಾತಿ ಎಲ್ಲ ಸೇರಿ ನಿಮ್ಮ ಪಾಲನ್ನು ಮೊದಲೇ ಬರೆದಿಟ್ಟಿರುತ್ತದೆ. ಗಾರ್ಡ್ನರನ ಪಂಥದಲ್ಲಿ ಕೆಲವರು ಮುಚ್ಚಿದ ಕೋಣೆಯಲ್ಲಿ, ತಮ್ಮ ಇಷ್ಟದಿಂದ, ಬೆತ್ತಲೆಯಾಗಿ ಪೂಜಿಸುತ್ತಾರೆ. ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ಸಲ್ಲಿಸುತ್ತಿದ್ದ ಬಡ ಹೆಂಗಸರಿಗೆ ಆ ಇಷ್ಟ ಎಂಬುದು ಇರಲಿಲ್ಲ. ಸುತ್ತ ನೋಡುವವರ ಗುಂಪು ಇತ್ತು. ಆ ಸೇವೆಯ ಕಾರಣಕ್ಕೇ ಅಲ್ಲಿ ನಡೆದ 1986ರ ಗಲಭೆಯ ಬಳಿಕ ಅದು ನಿಷೇಧವಾದದ್ದು ನ್ಯಾಯ. ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿ ಬಿಟ್ಟ ಹುಡುಗಿಯರ ಕಥೆ ಇನ್ನೂ ಕಠೋರ. ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿಯರ ರಕ್ಷಣೆಗೆ ಕಾನೂನು ಬಂತು, ಕರ್ನಾಟಕದ್ದು 1982ರಲ್ಲಿ. ಎರಡು ಕಾನೂನು ಬೇಕಾದವು ಎಂದರೆ ಮೊದಲನೆಯದು ಎಷ್ಟು ನಾಟಿತು ಎಂದು ತಿಳಿಯಿರಿ. ಅದೇ ಎಲ್ಲಮ್ಮನ ಪರಂಪರೆಯ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ಮನೆಯವರು ಹೊರಗೆ ಹಾಕಿದವರಿಗೆ ಎಲ್ಲಮ್ಮ ಆಸರೆಯೂ ಆಗಿದ್ದಾಳೆ. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚುವುದು ಸರಿಯಲ್ಲ.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ನನ್ನ ಮಟ್ಟಿಗೆ ಅಜ್ಜಿ ಗೋಡೆಗೆ ಒರಗಿ ಕೂತ ಆ ಮಂಗಳವಾರವೇ ಅಳತೆಗೋಲು. ಹೆಣ್ಣಿಗೆ, ನೆಲಕ್ಕೆ, ದುಡಿಯುವ ಮೂಕ ಪ್ರಾಣಿಗೆ ಉಸಿರು ಕೊಡುವ ಆಚರಣೆ ಉಳಿಯಲಿ. ಅವರಿಂದ ಕಿತ್ತುಕೊಳ್ಳುವುದು ಎಷ್ಟೇ ಹಳೆಯದಾದರೂ ಹೋಗಲಿ. ಈಗ ಆಗುತ್ತಿರುವುದು ತಿರುಗಾಮುರುಗಾ. ಟ್ರ್ಯಾಕ್ಟರಿಗೆ ವಾರ ಇಲ್ಲ, ಗಿರಣಿಗೆ ವಾರ ಇಲ್ಲ ಎಂದು ವಾರ ಸಡಿಲವಾಗುತ್ತಿದೆ. ಡಿಜೆ, ಬ್ಯಾನರು, ಹೋಮಕುಂಡ ದೊಡ್ಡವಾಗುತ್ತಿವೆ. ಜಾತ್ರೆಯ ಬ್ಯಾನರುಗಳಲ್ಲಿ ನಾನು ಕಂಡ ಮುಖಗಳು ಬಹುಪಾಲು ಗಂಡಸರವು. ಉಡಿ ತುಂಬುವವರು, ಹಾಡುವವರು, ಅಳುವವರು, ಬೀಗರಿಗೆ ಅಡಿಗೆ ಮಾಡಿ ಬೆನ್ನು ಮುರಿದುಕೊಳ್ಳುವವರು ಹೆಂಗಸರು. ಜಾತ್ರೆ ಯಾವಾಗ, ಹೇಗೆ, ಎಷ್ಟು ಪಟ್ಟಿ ಎಂದು ಕೂತು ನಿರ್ಧರಿಸುವವರು ಗಂಡಸರು. ಈ ಒಂದು ವಿಷಯದಲ್ಲಿ ಗ್ಲಾಸ್ಟನ್‌ಬರಿಯ ಹೆಂಗಸರಿಂದ ನಾವು ಕಲಿಯಬೇಕು.

ಈ ಸೀಮೆಯ ಊರುಗಳ ಹಿರಿಯರಲ್ಲಿ ನನ್ನದೊಂದು ವಿನಂತಿ. ಮುಂದಿನ ಜಾತ್ರೆಗೆ ಕಮಿಟಿ ಕಟ್ಟುವಾಗ ಅರ್ಧ ಜಾಗ ಹೆಣ್ಣುಮಕ್ಕಳಿಗೆ ಕೊಡಿ, ಎಲ್ಲ ಓಣಿಯವರಿಗೂ, ದಲಿತ ಓಣಿಯವರಿಗೆ ಮೊದಲು. ಗುಡಿಸಲು ಸುಡಬೇಕೋ ಬೇಡವೋ ಎಂದು ಅವರನ್ನು ಕೇಳಿ. ಮತ್ತೆ ವಾರ ಹಿಡಿಯಿರಿ. ಆ ದಿನ ಮನೆಯ ಗಂಡಸರು ಒಲೆ ಹಚ್ಚಲಿ.