ಹೊಣೆಗಾರನೂ ಜ್ಞಾನೋಕ್ತಿಯೂ

ಪರರ ಸಾಲಕ್ಕೆ ಹೊಣೆಯಾಗಬಹುದೆ, ಆಗಕೂಡದೆ ಎಂಬ ಪ್ರಶ್ನೆಯು ಗೃಹಸ್ಥನಾದವನಿಗೆ ಒಂದಲ್ಲ ಒಂದು ದಿನ ಎದುರಾಗದೆ ಇರದು. ಕ್ರೈಸ್ತರ ಸತ್ಯವೇದದಲ್ಲಿ ‘ಜ್ಞಾನೋಕ್ತಿಗಳು’ ಎಂಬ ಭಾಗವು ಈ ವಿಷಯದಲ್ಲಿ ಬಹು ನಿಷ್ಠುರವಾಗಿದೆ. ಸೊಲೊಮೋನರಾಯನ ಹೆಸರಿನಲ್ಲಿ ನಡೆದುಬಂದಿರುವ, 31 ಅಧ್ಯಾಯಗಳ ಆ ನೀತಿಸಂಗ್ರಹದಲ್ಲಿ ಐದಾರು ಕಡೆ ಇದೇ ಎಚ್ಚರಿಕೆ. ಮಾತುಕೊಟ್ಟು ಸಿಕ್ಕಿಬಿದ್ದವನು ನಿದ್ರೆಯನ್ನೂ ಬಿಟ್ಟು, ಬೇಟೆಗಾರನಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ತಪ್ಪಿಸಿಕೊಳ್ಳಬೇಕೆಂದು ಒಂದು ಕಡೆ. ತೀರಿಸಲಾರದ ಹೊಣೆಗಾರನು ಮಲಗುವ ಹಾಸಿಗೆಯನ್ನೂ ಕಳೆದುಕೊಳ್ಳುವನೆಂದು ಇನ್ನೊಂದು ಕಡೆ. ಹಿತೋಪದೇಶವನ್ನು ಓದಿದವರಿಗೆ ಈ ಧಾಟಿ ಹೊಸದೆನಿಸದು.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ತರುವಾಯ ಅಲ್ಲಿ ಬೆಳೆದ ಕನ್ನಡ ಕ್ರೈಸ್ತ ಕುಟುಂಬಗಳಲ್ಲಿ ಸಂಜೆ ಸತ್ಯವೇದವನ್ನೋದುವ ವಾಡಿಕೆಯುಂಟು. ಅಂಥ ಒಂದು ಮನೆಯಲ್ಲಿ, ನಿವೃತ್ತರಾದ ಗುಮಾಸ್ತರೊಬ್ಬರ ಮುಂದೆ ಅವರ ತಂಗಿಯ ಮಗನು ಸಹಕಾರಿ ಬ್ಯಾಂಕಿನ ಜಾಮೀನುಪತ್ರವನ್ನು ತಂದಿಟ್ಟನು. ಅಂಗಡಿಗಾಗಿ ಎರಡು ಲಕ್ಷ ರೂಪಾಯಿ ಸಾಲ. “ಮಾವಾ, ನಿಮ್ಮದೊಂದು ರುಜು ಇದ್ದರೆ ಸಾಕು” ಎಂದನು. ಹುಡುಗನು ಹೋದ ಮೇಲೆ ಮನೆಯಾಕೆ, “ಹಾಸಿಗೆ ಹೋದೀತೆಂದು ಮೊನ್ನೆ ತಾನೆ ನೀವೇ ಓದಿದಿರಲ್ಲ” ಎಂದು ನೆನಪಿಸಿದರು.

ಅಲ್ಲಿಗೆ ನಿಲ್ಲಿಸಿದ್ದರೆ ವಿಷಯವು ಸುಲಭವಾಗಿ ಮುಗಿಯುತ್ತಿತ್ತು. ಆದರೆ ಅದೇ ಸತ್ಯವೇದದ ಆದಿಕಾಂಡದಲ್ಲಿ ಯೆಹೂದನು ತಮ್ಮನಾದ ಬೆನ್ಯಾಮೀನನಿಗೆ ತಂದೆಯ ಎದುರಿನಲ್ಲಿ ಹೊಣೆಯಾಗುತ್ತಾನೆ; ಐಗುಪ್ತದಲ್ಲಿ ಸಂಕಟ ಬಂದಾಗ ತಮ್ಮನಿಗೆ ಬದಲಾಗಿ ತಾನೇ ದಾಸನಾಗಲು ಮುಂದೆ ಬರುತ್ತಾನೆ. ಸೆರೆಯಲ್ಲಿದ್ದ ಪೌಲನೂ ಒನೇಸಿಮನೆಂಬ ದಾಸನ ಪರವಾಗಿ ಫಿಲೆಮೋನನಿಗೆ ಬರೆದ ಓಲೆಯಲ್ಲಿ, ಅವನು ಕೊಡತಕ್ಕದ್ದೇನಾದರೂ ಇದ್ದರೆ ತನ್ನ ಲೆಕ್ಕಕ್ಕೆ ಹಾಕಿಕೊಳ್ಳಬೇಕೆಂದು ಸ್ವಹಸ್ತದಿಂದ ಒಪ್ಪಿಕೊಂಡಿದ್ದಾನೆ. ಇವರಿಬ್ಬರನ್ನೂ ಮೂಢರೆನ್ನುವುದು ಸಾಧ್ಯವೆ?

ಇಂಥ ತೊಡಕಿನಲ್ಲಿ ಪುಸ್ತಕವನ್ನು ಕಣ್ಮುಚ್ಚಿ ತೆರೆದು, ಬೆರಳು ಬಿದ್ದ ವಾಕ್ಯವೇ ಅಪ್ಪಣೆಯೆಂದು ನಡೆಯುವವರುಂಟು. ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನ ಮೊರಾವಿಯನ್ ಸಹೋದರರು 1731ರಿಂದ ದಿನಕ್ಕೊಂದು ವಾಕ್ಯವನ್ನು ಅಚ್ಚುಹಾಕಿಸುತ್ತ ಬಂದಿದ್ದಾರೆ. ಹಳೆಯ ಒಡಂಬಡಿಕೆಯ ವಾಕ್ಯವನ್ನು ಚೀಟಿ ಎತ್ತಿ ಗೊತ್ತುಮಾಡುತ್ತಾರೆ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಾಕ್ಯವನ್ನಾದರೋ ಮನುಷ್ಯರೇ ವಿಚಾರಿಸಿ ಆರಿಸುತ್ತಾರೆ. ಒಂದು ಕಾಲಕ್ಕೆ ಅವರಲ್ಲಿ ವಿವಾಹಕ್ಕೂ ಚೀಟಿ ಎತ್ತುವ ಕಟ್ಟಳೆಯಿತ್ತು. 1818ರಲ್ಲಿ ಸಾಮಾನ್ಯ ಸದಸ್ಯರ ಮಟ್ಟಿಗೆ ಅದನ್ನು ಬಿಟ್ಟರು. ಬಿಟ್ಟದ್ದು ಒಳ್ಳೆಯದೇ ಆಯಿತು. ಒಂಟಿ ವಾಕ್ಯವನ್ನು ಹಿಡಿದು ವಾದಿಸುವುದು ಸೈತಾನನಿಗೂ ಬರುತ್ತದೆಂಬುದಕ್ಕೆ ಮತ್ತಾಯನ ಸುವಾರ್ತೆಯೇ ಸಾಕ್ಷಿ.

ಜ್ಞಾನೋಕ್ತಿಗಳ 26ನೆಯ ಅಧ್ಯಾಯದಲ್ಲಿ ಮೂಢನಿಗೆ ಅವನ ರೀತಿಯಲ್ಲಿ ಉತ್ತರ ಕೊಡಬೇಡವೆಂದು ಹೇಳಿ, ಮುಂದಿನ ವಾಕ್ಯದಲ್ಲಿಯೇ ಕೊಡೆಂದು ಹೇಳಿದೆ. ಸಂಗ್ರಹಕಾರನಿಗೆ ಇದು ಕಾಣದೆ ಹೋಯಿತೆನ್ನಲಾಗದು. ನಮ್ಮ ಮೀಮಾಂಸಕರು ಎರಡು ವಿಧಿಗಳು ಇದಿರುಬದಿರಾದಾಗ ಯಾವುದನ್ನೂ ತಳ್ಳದೆ, ಇದು ಎಲ್ಲಿಗೆ, ಅದು ಎಲ್ಲಿಗೆ ಎಂದು ವಿಷಯವನ್ನು ವಿಂಗಡಿಸುತ್ತಾರೆ. ಆ ಕೆಲಸವನ್ನು ಇಲ್ಲಿ ಓದುಗನಿಗೇ ಬಿಟ್ಟಿದೆ.

ಗುಮಾಸ್ತರು ಮಾಡಿದ್ದೂ ಅದನ್ನೇ. ಜ್ಞಾನೋಕ್ತಿಯು ಬೈಯುವುದು ಕೊಡಲು ಗತಿಯಿಲ್ಲದೆ ದುಡುಕಿ ಕೈಯೊಡ್ಡುವವನನ್ನು. ಯೆಹೂದನೂ ಪೌಲನೂ ನಷ್ಟವು ತಮ್ಮದೇ ಎಂದು ಮೊದಲೇ ಒಪ್ಪಿಕೊಂಡವರು. ಹಾಗಾದರೆ ಕೇಳಿಕೊಳ್ಳಬೇಕಾದದ್ದು, ಹುಡುಗನು ಕಟ್ಟದಿದ್ದರೆ ಅವನನ್ನು ದ್ವೇಷಿಸದೆ ತಾನು ಕಟ್ಟಬಲ್ಲೆನೆ ಎಂಬುದು. ಅವರು ಪಿಂಚಣಿಯ ಪುಸ್ತಕವನ್ನೂ ಔಷಧದ ಚೀಟಿಗಳನ್ನೂ ಹೆಂಡತಿಯ ಎದುರಿಗಿಟ್ಟು ಲೆಕ್ಕಹಾಕಿದರು. ಐವತ್ತು ಸಾವಿರದವರೆಗೆ ಆದೀತು, ಅದಕ್ಕೆ ಮೇಲೆ ಆಗದು ಎಂದು ಇಬ್ಬರೂ ಒಪ್ಪಿದರು.

ಹುಡುಗನು ಸಾಲವನ್ನು ಅಷ್ಟಕ್ಕೆ ಇಳಿಸಿಕೊಂಡು ಬಂದು ರುಜು ಪಡೆದನು. ಅವನ ತಾಯಿಗೆ ಇದು ಸರಿಬೀಳಲಿಲ್ಲ. ಒಡಹುಟ್ಟಿದವನು ಅಳೆದು ಕೊಟ್ಟನಲ್ಲ ಎಂದು ಆ ವರ್ಷದ ಕ್ರಿಸ್ಮಸ್ ಹಬ್ಬಕ್ಕೆ ಆಕೆ ಅಣ್ಣನ ಮನೆಗೆ ಬರಲಿಲ್ಲ. ಗುಮಾಸ್ತರು ಹಬ್ಬದ ತಿಂಡಿಯನ್ನು ಅಳಿಯನ ಕೈಯಲ್ಲಿ ಕಳುಹಿಸಿಕೊಟ್ಟರು.